ಕಣ್ಣಿಗೊಂದು, ಯಂತ್ರಕ್ಕೊಂದು: ವೆಬ್ ಪುಟದಲ್ಲಿ ಬಚ್ಚಿಡುವುದು ಹೇಗೆ, ಯಾರಿಗಾಗಿ?

ಕಳೆದ ಮಳೆಗಾಲದಲ್ಲಿ ಸುಳ್ಯದಿಂದ ಮಾವ ಫೋನ್ ಮಾಡಿದ್ದರು. ಯಾರೋ ಅವರಿಗೆ ಒಂದು ಕಚೇರಿಯ ಪ್ರಕಟಣೆಯ ಪಿಡಿಎಫ್ ಕಳಿಸಿದ್ದರು. ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದು ಅನ್ನುವ ಸಾಲನ್ನು ಕಾಪಿ ಮಾಡಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ಹೊರಟಿದ್ದರು.

“ಎಂತ ಮಾರಾಯ ಇದು? ಓದುವಾಗ ಚಂದ ಕನ್ನಡ ಉಂಟು. ಗ್ರೂಪಿಗೆ ಹಾಕಿದ್ರೆ ಅತ್ಲಾಗಿ ಇಂಗ್ಲಿಷೂ ಅಲ್ಲ, ಇತ್ಲಾಗಿ ಕನ್ನಡವೂ ಅಲ್ಲ. ನನ್ನ ಮೊಬೈಲಿಗೆ ಎಂತಾದ್ರೂ ಆಗಿದೆಯಾ?”

ಮೊಬೈಲಿಗೆ ಏನೂ ಆಗಿರಲಿಲ್ಲ. ಪರದೆಯ ಮೇಲೆ ಕಾಣುತ್ತಿದ್ದದ್ದು ಕನ್ನಡ, ಕಡತದೊಳಗೆ ಇದ್ದದ್ದು ಬೇರೆ. ಅದೇ ಗುಂಪಿನಲ್ಲಿ ಕಣ್ಣು ಕಾಣದ ಒಬ್ಬರಿದ್ದಾರೆ, ಫೋನ್ ಗಟ್ಟಿಯಾಗಿ ಓದಿ ಹೇಳಿದ್ದನ್ನು ಕೇಳಿ ಸುದ್ದಿ ತಿಳಿದುಕೊಳ್ಳುವವರು. ಅವರ ಫೋನ್ ಆ ಸಾಲನ್ನು ಅಕ್ಷರಗಳ ರಾಶಿಯಾಗಿ ಓದಿತು. ಮಾವನಿಗೆ ಅದು ತಮಾಷೆ, ಅವರಿಗೆ ಕೊನೆಯ ದಿನ ತಪ್ಪಿಹೋಗುವ ವಿಷಯ.

ಇಂಜಿನಿಯರಿಂಗ್ ಓದುವಾಗ ವೆಬ್ ಪುಟದಲ್ಲಿ ‘ಅಡಗಿಸುವುದು’ ಅಂದರೆ ನಮಗೆ ಲ್ಯಾಬ್ ಪರೀಕ್ಷೆಯ ಒಂದು ಪ್ರಶ್ನೆ ಅಷ್ಟೆ. ಪತ್ರಿಕೋದ್ಯಮಕ್ಕೆ ಬಂದ ಮೇಲೆ ಗೊತ್ತಾಗಿದ್ದು, ಇದು ಯಾರಿಗೆ ಏನು ಕಾಣಬೇಕು ಎಂದು ಯಾರೋ ತೀರ್ಮಾನ ಮಾಡುವ ಜಾಗ. ಈ ಲೇಖನ ಆ ಜಾಗದ ಒಂದು ಕೈಪಿಡಿ. ಕೋಡ್ ಬರೆಯಲು ಬಾರದವರಿಗೂ ಅರ್ಥವಾಗಲಿ ಎಂದು ಬರೆದದ್ದು.

ಅರ್ಥ ಬೇರೆ, ವೇಷ ಬೇರೆ

ಪುತ್ತೂರು, ಸುಳ್ಯ, ಕಡಬ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮಲ್ಲಿ ಯಕ್ಷಗಾನವೂ ಇದೆ, ತಾಳಮದ್ದಳೆಯೂ ಇದೆ. ಪ್ರಸಂಗ ಅದೇ, ಭಾಗವತರು ಅವರೇ. ಆದರೆ ತಾಳಮದ್ದಳೆಯಲ್ಲಿ ಕಿರೀಟ, ಬಣ್ಣ, ಕುಣಿತ ಇಲ್ಲ. ಅರ್ಥಧಾರಿಗಳು ಕೂತು ಅರ್ಥ ಹೇಳುತ್ತಾರೆ. ಕೃಷ್ಣ ಯಾರು, ಕೌರವ ಯಾರು ಅನ್ನುವುದು ಮಾತಿನಿಂದಲೇ ತಿಳಿಯಬೇಕು.

ವೆಬ್ ಪುಟದಲ್ಲಿ ಎಚ್‌ಟಿಎಂಎಲ್ ಅನ್ನುವುದು ತಾಳಮದ್ದಳೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ, ಇದು ದಿನಾಂಕ ಎಂದು ಅದು ಅರ್ಥವನ್ನು ಗುರುತಿಸುತ್ತದೆ. ಸಿಎಸ್‌ಎಸ್ ಅನ್ನುವುದು ವೇಷ: ಬಣ್ಣ, ಗಾತ್ರ, ಜಾಗ, ಅಕ್ಷರದ ರೂಪ. ಇವೆರಡನ್ನೂ ಬೇರೆ ಬೇರೆ ಇಡಬೇಕು ಅನ್ನುವ ಆಲೋಚನೆಯನ್ನು ಹೋಕನ್ ವಿಯಮ್ ಲೀ 1994ರಲ್ಲಿ ಮುಂದಿಟ್ಟರು. 1996ರ ಡಿಸೆಂಬರ್‌ನಲ್ಲಿ ಸಿಎಸ್‌ಎಸ್‌ನ ಮೊದಲ ಆವೃತ್ತಿ ಅಧಿಕೃತ ಶಿಫಾರಸಾಯಿತು.

ನೀವು ಬ್ರೌಸರ್‌ನಲ್ಲಿ ನೋಡುವುದು ವೇಷ ಕಟ್ಟಿದ ಆಟ. ಆದರೆ ಸರ್ಚ್ ಎಂಜಿನ್, ಕುರುಡರು ಬಳಸುವ ಸ್ಕ್ರೀನ್ ರೀಡರ್, ಈಗಿನ ಎಐ ಚಾಟ್‌ಬಾಟ್ ಇವೆಲ್ಲ ಹೆಚ್ಚಾಗಿ ಕೇಳುವುದು ತಾಳಮದ್ದಳೆ. ವೇಷಕ್ಕೂ ಅರ್ಥಕ್ಕೂ ತಾಳೆ ಇದ್ದರೆ ತೊಂದರೆ ಇಲ್ಲ. ವೇಷ ಕೃಷ್ಣನದ್ದು, ಮಾತು ಕಂಸನದ್ದು ಆದಾಗ ಸಮಸ್ಯೆ ಶುರು.

ಬಚ್ಚಿಡುವ ದಾರಿಗಳು: ಒಂದು ಪಟ್ಟಿ

ಎಲ್ಲ ಅಡಗಿಸುವಿಕೆಯೂ ಒಂದೇ ತರ ಅಲ್ಲ. ಯಾವುದು ಯಾರಿಂದ ಅಡಗಿಸುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

1. ಡಿಸ್‌ಪ್ಲೇ ನನ್. ಪುಟದಲ್ಲಿ ಅದಕ್ಕೆ ಜಾಗವೇ ಇಲ್ಲ. ಕಣ್ಣಿಗೂ ಕಾಣದು, ಸ್ಕ್ರೀನ್ ರೀಡರ್ ಕೂಡ ಓದದು. ಆದರೆ ಪುಟದ ಮೂಲ ಕೋಡ್‌ನಲ್ಲಿ ಪೂರ್ತಿ ಇರುತ್ತದೆ. ಎಚ್‌ಟಿಎಂಎಲ್‌ನ ‘ಹಿಡನ್’ ಗುರುತು ಮಾಡುವುದೂ ಬಹುತೇಕ ಇದನ್ನೇ.

2. ವಿಸಿಬಿಲಿಟಿ ಹಿಡನ್. ಕಾಣುವುದಿಲ್ಲ, ಓದುವುದೂ ಇಲ್ಲ. ಆದರೆ ಅದರ ಜಾಗ ಖಾಲಿಯಾಗಿ ಉಳಿಯುತ್ತದೆ. ಊಟದ ಪಂಕ್ತಿಯಲ್ಲಿ ಎಲೆ ಹಾಕಿದೆ, ಜನ ಕೂತಿಲ್ಲ ಎಂಬಂತೆ.

3. ಒಪ್ಯಾಸಿಟಿ ಸೊನ್ನೆ. ಪೂರ್ತಿ ಪಾರದರ್ಶಕ. ಕಣ್ಣಿಗೆ ಕಾಣದಿದ್ದರೂ ಸ್ಕ್ರೀನ್ ರೀಡರ್ ಓದುತ್ತದೆ, ಬೆರಳು ತಾಗಿದರೆ ಬಟನ್ ಒತ್ತಿಹೋಗುತ್ತದೆ. ಮೋಸಕ್ಕೆ ತುಂಬಾ ಅನುಕೂಲ.

4. ಪರದೆಯಾಚೆಗೆ ತಳ್ಳುವುದು. ಅಕ್ಷರಗಳನ್ನು ಎಡಕ್ಕೆ ಸಾವಿರಾರು ಪಿಕ್ಸೆಲ್ ದೂರ ಕಳಿಸಿಬಿಡುವುದು. 2000ದ ದಶಕದಲ್ಲಿ ಶೀರ್ಷಿಕೆಯ ಜಾಗದಲ್ಲಿ ಲೋಗೋ ಚಿತ್ರ ತೋರಿಸಲು ಡಿಸೈನರ್‌ಗಳು ಬಳಸುತ್ತಿದ್ದ ಉಪಾಯ ಇದು. ಅಕ್ಷರ ಇದ್ದೇ ಇದೆ, ನಿಮ್ಮ ಕಿಟಕಿಯ ಹೊರಗೆ.

5. ಒಂದು ಪಿಕ್ಸೆಲ್‌ಗೆ ಕತ್ತರಿಸುವುದು. ಪಠ್ಯವನ್ನು ಒಂದು ಪಿಕ್ಸೆಲ್ ಉದ್ದ, ಒಂದು ಪಿಕ್ಸೆಲ್ ಅಗಲದ ಪೆಟ್ಟಿಗೆಯಲ್ಲಿಟ್ಟು ಉಳಿದದ್ದನ್ನು ಮರೆಮಾಡುವುದು. ಕಣ್ಣಿಗೆ ಬೇಡ, ಕಿವಿಗೆ ಮಾತ್ರ ಬೇಕು ಅನ್ನುವಾಗ ಒಳ್ಳೆಯ ಡೆವಲಪರ್‌ಗಳು ಬಳಸುವ ಕ್ರಮ.

6. ಬಣ್ಣದಲ್ಲಿ ಕರಗಿಸುವುದು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಎಲ್ಲಕ್ಕಿಂತ ಹಳೆಯ ಕಳ್ಳದಾರಿ.

7. ಏರಿಯಾ ಹಿಡನ್. ಇದು ಉಲ್ಟಾ: ಕಣ್ಣಿಗೆ ಕಾಣುತ್ತದೆ, ಸ್ಕ್ರೀನ್ ರೀಡರ್‌ಗೆ ಮಾತ್ರ ಇಲ್ಲ. ಬರೀ ಅಲಂಕಾರದ ಚಿಹ್ನೆಗೆ ಸರಿ. ಮುಖ್ಯ ಮಾಹಿತಿಗೆ ಹಾಕಿದರೆ ಕುರುಡರನ್ನು ಬಾಗಿಲಿನಿಂದ ಹೊರಗೆ ನಿಲ್ಲಿಸಿದ ಹಾಗೆ.

8. ಮಡಚಿಡುವುದು. ‘ಡೀಟೇಲ್ಸ್’ ಮತ್ತು ‘ಸಮರಿ’ ಎಂಬ ಟ್ಯಾಗ್‌ಗಳು ಇದಕ್ಕೇ ಇವೆ. ಇಲ್ಲಿ ಏನೋ ಮಡಚಿಟ್ಟಿದೆ, ಒತ್ತಿದರೆ ತೆರೆಯುತ್ತದೆ ಎಂದು ಓದುಗರಿಗೆ ಗೊತ್ತಿರುತ್ತದೆ. ಮಡಚಿದ ಭಾಗದಲ್ಲೂ ಪದ ಹುಡುಕಲು ಆಗುವ ‘ಹಿಡನ್ ಅಂಟಿಲ್ ಫೌಂಡ್’ ಸೌಲಭ್ಯ 2022ರಿಂದ ಕ್ರೋಮ್‌ನಲ್ಲಿ ಇದೆ.

ಎಂಟನೆಯದಕ್ಕೂ ಆರನೆಯದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಎರಡರಲ್ಲೂ ಪಠ್ಯ ಅಡಗಿದೆ. ಒಂದರಲ್ಲಿ ಅಡಗಿದೆ ಅನ್ನುವುದು ನಿಮಗೆ ಗೊತ್ತು, ಇನ್ನೊಂದರಲ್ಲಿ ಗೊತ್ತಿಲ್ಲ. ರಾಜಕೀಯ ಇರುವುದು ಆ ‘ಗೊತ್ತಿಲ್ಲ’ ಅನ್ನುವುದರಲ್ಲಿ.

ಯಾವ ಪುತ್ತೂರು? ಯಾವ ಕಡಬ?

ಈಗ ಸೆಮ್ಯಾಂಟಿಕ್ ವೆಬ್ ಕಡೆ ಬರೋಣ. 2001ರ ಮೇ ತಿಂಗಳಲ್ಲಿ ಟಿಮ್ ಬರ್ನರ್ಸ್ ಲೀ, ಜೇಮ್ಸ್ ಹೆಂಡ್ಲರ್, ಓರಾ ಲಸ್ಸಿಲಾ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ತಿರುಳು ಇಷ್ಟು: ವೆಬ್ ಪುಟಗಳನ್ನು ಮನುಷ್ಯರು ಓದಿದರೆ ಸಾಲದು, ಯಂತ್ರಗಳಿಗೂ ಅವುಗಳ ಅರ್ಥ ತಿಳಿಯಬೇಕು.

ಅದರ ಅಗತ್ಯ ನಮ್ಮ ಊರಿನ ಹೆಸರುಗಳಲ್ಲೇ ಇದೆ. ಪುತ್ತೂರು ದಕ್ಷಿಣ ಕನ್ನಡದಲ್ಲಿದೆ, ಆಂಧ್ರಪ್ರದೇಶದ ತಿರುಪತಿ ಜಿಲ್ಲೆಯಲ್ಲೂ ಇದೆ. ಕಡಬ ಎಂಬ ಊರು ನಮ್ಮಲ್ಲಿದೆ, ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲೂ ಇದೆ. ನಮ್ಮ ಕಡಬ ತಾಲೂಕಾದದ್ದೇ ಇತ್ತೀಚೆಗೆ, ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಹಳ್ಳಿಗಳನ್ನು ಸೇರಿಸಿ. 2011ರ ಜನಗಣತಿಯ ಕೋಷ್ಟಕದಲ್ಲಿ ಆ ತಾಲೂಕು ಇಲ್ಲ. ಕುಕ್ಕೆ ಸುಬ್ರಹ್ಮಣ್ಯವನ್ನು ಹಳೆಯ ಪುಟಗಳು ಸುಳ್ಯ ತಾಲೂಕು ಅನ್ನುತ್ತವೆ, ಈಗ ಅದು ಕಡಬ ತಾಲೂಕು. ಸುಳ್ಯದ ಹೆಸರಿಗೇ ಇಂಗ್ಲಿಷಿನಲ್ಲಿ ಎರಡು ಸ್ಪೆಲಿಂಗ್ ಚಾಲ್ತಿಯಲ್ಲಿದೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ‘ಕಡಬದಲ್ಲಿ ಶಾಲೆಗಳಿಗೆ ರಜೆ’ ಅನ್ನುವ ಸಾಲು ಓದಿದ ಅಮ್ಮನಿಗೆ ಯಾವ ಕಡಬ ಎಂದು ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. ಯಾವ ಜಿಲ್ಲೆ, ಯಾವ ದಿನಾಂಕದ ಆದೇಶ ಎಂದು ಪುಟದೊಳಗೆ ಗುರುತು ಹಾಕಿದ್ದರೆ ತಿಳಿಯುತ್ತದೆ. ಗುರುತಿಲ್ಲದ ಚಿತ್ರವಾಗಿ ಹರಿದಾಡುವ ಆದೇಶಗಳ ಕತೆ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ವರ್ಷದ ರಜೆ ಈ ವರ್ಷ ಮತ್ತೆ ಬರುತ್ತದೆ, ಮಕ್ಕಳು ಖುಷಿಪಡುತ್ತಾರೆ, ಆಮೇಲೆ ಸ್ಪಷ್ಟನೆ ಬರುತ್ತದೆ.

ಇಂಥ ಗುರುತು ಹಾಕಲು ಎರಡು ಪಂಥ ಬೆಳೆದವು.

ಒಂದು, ಕಾಣುವ ಪಠ್ಯಕ್ಕೇ ಗುರುತು ಅಂಟಿಸುವುದು. ಮೈಕ್ರೋಫಾರ್ಮ್ಯಾಟ್ಸ್ ಎಂಬ ಗುಂಪಿನ ನಿಲುವು ಇದು. ಅವರ ವಾದ ಸರಳ: ಮನುಷ್ಯರಿಗೆ ಕಾಣದ ಮಾಹಿತಿ ಕೊಳೆಯುತ್ತದೆ. ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಜಾತ್ರೆಯ ಬ್ರಹ್ಮರಥೋತ್ಸವ ‘ಏಪ್ರಿಲ್ 17’ ಎಂದು ಪುಟದಲ್ಲಿ ಕಾಣುತ್ತಿದ್ದು ಅದು ತಪ್ಪಾಗಿದ್ದರೆ, ಹತ್ತು ನಿಮಿಷದಲ್ಲಿ ಯಾರಾದರೂ ಫೋನ್ ಮಾಡಿ ಬಯ್ಯುತ್ತಾರೆ. ಅದೇ ದಿನಾಂಕ ಅಡಗಿಸಿದ ಕೋಡ್‌ನಲ್ಲಿ ತಪ್ಪಾಗಿದ್ದರೆ ಯಾರೂ ಬಯ್ಯುವುದಿಲ್ಲ. ಅದು ವರ್ಷಗಟ್ಟಲೆ ತಪ್ಪಾಗಿಯೇ ಇರುತ್ತದೆ.

ಇನ್ನೊಂದು, ಯಂತ್ರಕ್ಕಾಗಿ ಪ್ರತ್ಯೇಕ ಚೀಟಿ ಬರೆದಿಡುವುದು. 2011ರ ಜೂನ್‌ನಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ‘ಸ್ಕೀಮಾ ಡಾಟ್ ಆರ್ಗ್’ ಎಂಬ ಸಮಾನ ಶಬ್ದಕೋಶ ಶುರುಮಾಡಿದವು. ಇವತ್ತು ಅದನ್ನು ಹೆಚ್ಚಾಗಿ ಬರೆಯುವುದು ಜೇಸನ್ ಎಲ್‌ಡಿ ಎಂಬ ರೂಪದಲ್ಲಿ, ಓದುಗರಿಗೆ ಕಾಣದ ಒಂದು ತುಂಡಾಗಿ. ಬರೆಯಲು ಸುಲಭ, ಪುಟದ ಅಂದ ಕೆಡುವುದಿಲ್ಲ. ಆದರೆ ಕಾಣುವ ಪುಟ ಒಂದು ಹೇಳಿ, ಚೀಟಿ ಇನ್ನೊಂದು ಹೇಳುವ ಅಪಾಯ ಯಾವಾಗಲೂ ಇದೆ. ಅದಕ್ಕೇ ಗೂಗಲ್‌ನ ನಿಯಮವೇ ಹೇಳುತ್ತದೆ: ಓದುಗರಿಗೆ ಕಾಣದ ವಿಷಯಕ್ಕೆ ಇಂಥ ಗುರುತು ಹಾಕಬೇಡಿ.

ಕಾಣುವ ಪಂಥಕ್ಕೂ ಪೆಟ್ಟು ಬಿದ್ದಿದೆ. ಯಂತ್ರಕ್ಕೆ ಬೇಕಾದ ದಿನಾಂಕವನ್ನು ಸಂಕ್ಷಿಪ್ತ ಪದಗಳಿಗಿರುವ ಟ್ಯಾಗ್‌ನ ‘ಟೈಟಲ್’ ಒಳಗೆ ಇಡುವ ಪದ್ಧತಿ ಇತ್ತು. ಕಣ್ಣಿಗೆ ‘ಸಂಜೆ ಏಳು ಗಂಟೆ’ ಎಂದು ಕಾಣುತ್ತಿತ್ತು. ಆದರೆ ಕೆಲವು ಸ್ಕ್ರೀನ್ ರೀಡರ್‌ಗಳು ಒಳಗಿನ ಉದ್ದನೆಯ ಅಂಕೆಗಳ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದವು. 2008ರಲ್ಲಿ ಬಿಬಿಸಿ ಈ ಕಾರಣಕ್ಕೆ ತನ್ನ ಕಾರ್ಯಕ್ರಮಗಳ ಪುಟಗಳಿಂದ ಆ ಗುರುತನ್ನೇ ತೆಗೆದುಹಾಕಿತು. ಈಗ ಎಚ್‌ಟಿಎಂಎಲ್‌ನಲ್ಲಿ ದಿನಾಂಕಕ್ಕೆಂದೇ ‘ಟೈಮ್’ ಟ್ಯಾಗ್ ಇದೆ. ಮನುಷ್ಯರಿಗೆ ‘ಏಪ್ರಿಲ್ 17’, ಯಂತ್ರಕ್ಕೆ ‘2026-04-17’. ಎರಡೂ ಒಂದೇ ಕಡೆ ಅಕ್ಕಪಕ್ಕ ಇರುವುದರಿಂದ ಬದಲಾಯಿಸುವವರ ಕಣ್ಣಿಗೆ ಎರಡೂ ಬೀಳುತ್ತವೆ.

ಒಳ್ಳೆಯದಕ್ಕೆ ಅಡಗಿಸುವುದು

ಅಡಗಿಸುವುದೆಲ್ಲ ಮೋಸ ಅಲ್ಲ. ಪುಟದ ಮೇಲ್ಭಾಗದಲ್ಲಿ ‘ನೇರ ಮುಖ್ಯ ವಿಷಯಕ್ಕೆ ಹೋಗಿ’ ಎಂಬ ಕೊಂಡಿಯನ್ನು ಕಣ್ಣಿಗೆ ಕಾಣದಂತೆ ಇಟ್ಟಿರುತ್ತಾರೆ. ಮೌಸ್ ಹಿಡಿದವರಿಗೆ ಅದರ ಅಗತ್ಯ ಇಲ್ಲ. ಕೀಬೋರ್ಡ್‌ನಿಂದ ಮಾತ್ರ ಓಡಾಡುವವರಿಗೆ ಅದು ಇಲ್ಲದಿದ್ದರೆ ಪ್ರತಿ ಪುಟದಲ್ಲೂ ನಲವತ್ತು ಮೆನು ದಾಟಬೇಕು. ಭೂತಗನ್ನಡಿಯ ಚಿತ್ರ ಮಾತ್ರ ಇರುವ ಬಟನ್‌ಗೆ ‘ಹುಡುಕಿ’ ಎಂಬ ಅಡಗಿದ ಪದ ಬೇಕು. ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಬರೀ ‘ಬಟನ್’ ಅನ್ನುತ್ತದೆ.

ಒಂದು ಅಡಿಕೆ ಧಾರಣೆಯ ಪುಟವನ್ನು ಊಹಿಸಿಕೊಳ್ಳಿ. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಪಕ್ಕದಲ್ಲಿ ದರ, ಅದರ ಪಕ್ಕದಲ್ಲಿ ಹಸಿರು ಅಥವಾ ಕೆಂಪು ಬಾಣ. ಬಾಣ ಅನ್ನುವುದು ಬರೀ ಬಣ್ಣ ಮತ್ತು ಆಕಾರ. ಕಣ್ಣು ಕಾಣದ ಕೃಷಿಕರಿಗೆ ‘ನಿನ್ನೆಗಿಂತ ಇಳಿದಿದೆ’ ಎಂಬ ಅಡಗಿದ ಪದ ಇಲ್ಲದಿದ್ದರೆ, ಇವತ್ತು ಮಾರಬೇಕೋ ಕಾಯಬೇಕೋ ಅನ್ನುವ ಮುಖ್ಯ ಸಂಗತಿಯೇ ಸಿಗುವುದಿಲ್ಲ.

ಇಲ್ಲಿ ಒಂದು ಸರಳ ನಿಯಮ ಸಿಗುತ್ತದೆ: ಕಣ್ಣಿಗೆ ಬೇರೆ ರೀತಿಯಲ್ಲಿ ಈಗಾಗಲೇ ಸಿಕ್ಕಿರುವ ಅರ್ಥವನ್ನೇ ಅಡಗಿದ ಪದ ಹೇಳಿದರೆ ಅದು ಸೇವೆ. ಕಣ್ಣಿಗೆ ಸಿಗದ ಬೇರೆಯದನ್ನು ಹೇಳಿದರೆ ಅನುಮಾನಪಡಿ.

ಗೋಣಿಯ ಬಾಯಿಯಲ್ಲಿ ಒಳ್ಳೆಯದು, ತಳದಲ್ಲಿ ಕರಿಗೋಟು

ಮೋಸದ ಇತಿಹಾಸ ದೊಡ್ಡದು. ಪುಟದ ವಿಷಯ ಏನು ಎಂದು ಹೇಳಲು ‘ಕೀವರ್ಡ್ಸ್’ ಎಂಬ ಅಡಗಿದ ಜಾಗ ಇತ್ತು. ಎಲ್ಲರೂ ಅದರಲ್ಲಿ ಸುಳ್ಳು ತುಂಬಿದರು. 2009ರ ಸೆಪ್ಟೆಂಬರ್‌ನಲ್ಲಿ ಗೂಗಲ್, ವೆಬ್ ಹುಡುಕಾಟದ ರ್‍ಯಾಂಕಿಂಗ್‌ಗೆ ತಾನು ಅದನ್ನು ಬಳಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿತು. ಯಾರಿಗೂ ಕಾಣದ ಜಾಗದಲ್ಲಿ ಪ್ರಾಮಾಣಿಕತೆ ಎಷ್ಟು ದಿನ ಉಳಿಯುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಜಾಲತಾಣವನ್ನು ಗೂಗಲ್ ತನ್ನ ಹುಡುಕಾಟದಿಂದ ಕೆಲವು ದಿನ ತೆಗೆದುಹಾಕಿತ್ತು. ಸರ್ಚ್ ಎಂಜಿನ್‌ಗೆ ‘ಸೆಕೆಂಡ್‌ಹ್ಯಾಂಡ್ ಕಾರು’ ಅನ್ನುವ ಪದ ತುಂಬಿದ ಪುಟ, ಮನುಷ್ಯರಿಗೆ ಬೇರೆಯೇ ಪುಟ. ಗೂಗಲ್‌ನ ಈಗಿನ ಸ್ಪ್ಯಾಮ್ ನೀತಿ ಬಿಳಿಯ ಮೇಲೆ ಬಿಳಿ, ಚಿತ್ರದ ಹಿಂದೆ ಪಠ್ಯ, ಪರದೆಯಾಚೆ ತಳ್ಳುವುದು, ಅಕ್ಷರದ ಗಾತ್ರ ಸೊನ್ನೆ ಮಾಡುವುದು ಇವನ್ನೆಲ್ಲ ಹೆಸರಿಸಿ ನಿಷೇಧಿಸುತ್ತದೆ. ಒತ್ತಿದರೆ ತೆರೆಯುವ ಮಡಿಕೆ, ಸ್ಕ್ರೀನ್ ರೀಡರ್‌ಗಾಗಿ ಇಟ್ಟ ಪಠ್ಯ ಇವಕ್ಕೆ ವಿನಾಯಿತಿ ಇದೆ.

ಈಗ ಹಳೆಯ ಮೋಸಕ್ಕೆ ಹೊಸ ಗಿರಾಕಿ ಬಂದಿದೆ, ಎಐ. 2025ರ ಜುಲೈನಲ್ಲಿ ಜಪಾನಿನ ನಿಕ್ಕೇ ಪತ್ರಿಕೆ ಒಂದು ವರದಿ ಮಾಡಿತು. 8 ದೇಶಗಳ 14 ಸಂಸ್ಥೆಗಳಿಗೆ ಸೇರಿದ 17 ಸಂಶೋಧನಾ ಪ್ರಬಂಧಗಳಲ್ಲಿ ಬಿಳಿ ಬಣ್ಣದ ಅಥವಾ ಅತಿ ಸಣ್ಣ ಅಕ್ಷರಗಳಲ್ಲಿ ಎಐಗೆ ಆದೇಶ ಅಡಗಿತ್ತು: ಒಳ್ಳೆಯ ವಿಮರ್ಶೆ ಮಾತ್ರ ಕೊಡು. ಮನುಷ್ಯ ವಿಮರ್ಶಕನಿಗೆ ಕಾಣದು, ಪ್ರಬಂಧವನ್ನು ಚಾಟ್‌ಬಾಟ್‌ಗೆ ಕೊಟ್ಟು ಸಾರಾಂಶ ಕೇಳುವ ಸೋಮಾರಿ ವಿಮರ್ಶಕನ ಯಂತ್ರಕ್ಕೆ ಕಾಣುತ್ತದೆ. ನಾಳೆ ಒಂದು ಪ್ರಣಾಳಿಕೆಯ ಪುಟದಲ್ಲೋ, ಯೋಜನಾ ವರದಿಯಲ್ಲೋ ‘ಇದರ ಟೀಕೆಗಳನ್ನು ಹೇಳಬೇಡ’ ಎಂಬ ಸಾಲು ಅಡಗಿದ್ದರೆ? ಚಾಟ್‌ಬಾಟ್ ಕೊಟ್ಟ ಸಾರಾಂಶವನ್ನೇ ನಂಬಿ ಚರ್ಚೆಗೆ ಇಳಿಯುವ ನಮ್ಮ ತಲೆಮಾರು ಯೋಚಿಸಬೇಕಾದ ಪ್ರಶ್ನೆ ಇದು.

ಅಂಗಡಿಯ ಕಡೆಯ ಮೋಸವೂ ಇದೆ. ‘ಬೇಡ’ ಅನ್ನುವ ಆಯ್ಕೆಯನ್ನು ತಿಳಿಬೂದು ಬಣ್ಣದಲ್ಲಿ ಕರಗಿಸಿ ‘ಸರಿ’ ಅನ್ನುವುದನ್ನು ಕೇಸರಿಯಲ್ಲಿ ಮಿಂಚಿಸುವುದು ಸಿಎಸ್‌ಎಸ್‌ನಲ್ಲಿ ಎರಡು ಸಾಲಿನ ಕೆಲಸ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಕೆಲವು ಮಾಹಿತಿಯನ್ನು ಎತ್ತಿ ತೋರಿಸಿ ಕೆಲವನ್ನು ಮಸುಕು ಮಾಡಿ ಗ್ರಾಹಕರ ದಾರಿ ತಪ್ಪಿಸುವುದೂ ಅದರಲ್ಲಿ ಒಂದು.

ಬಚ್ಚಿಟ್ಟದ್ದು ಅಳಿಸಿದ್ದಲ್ಲ

ಇದನ್ನು ಗೋಡೆಯ ಮೇಲೆ ಬರೆದಿಡಿ. ಸಿಎಸ್‌ಎಸ್‌ನಿಂದ ಮರೆಮಾಡಿದ ಆಧಾರ್ ಸಂಖ್ಯೆ ನಿಮ್ಮ ಬ್ರೌಸರ್‌ಗೆ ಆಗಲೇ ಬಂದು ಸೇರಿದೆ. ಮೂಲ ಕೋಡ್ ತೆರೆದವರಿಗೆ ಅದು ಕಾಣುತ್ತದೆ.

2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ ‘ಸೇಂಟ್ ಲೂಯಿಸ್ ಪೋಸ್ಟ್ ಡಿಸ್ಪ್ಯಾಚ್’ ಪತ್ರಿಕೆಯ ವರದಿಗಾರರೊಬ್ಬರು ಸರ್ಕಾರಿ ಶಿಕ್ಷಣ ಇಲಾಖೆಯ ಜಾಲತಾಣದ ಮೂಲ ಕೋಡ್‌ನಲ್ಲಿ ಶಿಕ್ಷಕರ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆಗಳು ಇರುವುದನ್ನು ಕಂಡರು. ಇಲಾಖೆಗೆ ತಿಳಿಸಿ, ಅದು ಸರಿಪಡಿಸುವ ತನಕ ಕಾದು ಸುದ್ದಿ ಮಾಡಿದರು. ಗವರ್ನರ್ ಮೈಕ್ ಪಾರ್ಸನ್ ಅವರನ್ನೇ ‘ಹ್ಯಾಕರ್’ ಎಂದು ಕರೆದು ಕ್ರಿಮಿನಲ್ ಕೇಸಿನ ಮಾತಾಡಿದರು. 2022ರ ಫೆಬ್ರುವರಿಯಲ್ಲಿ ಪ್ರಾಸಿಕ್ಯೂಟರ್ ಮೊಕದ್ದಮೆ ಹೂಡುವುದಿಲ್ಲ ಎಂದರು. ಅಂಗಡಿಯವನು ಬಾಗಿಲು ತೆರೆದಿಟ್ಟು, ಅದನ್ನು ತೋರಿಸಿದವನನ್ನೇ ಕಳ್ಳ ಅಂದ ಹಾಗೆ.

ನಮ್ಮಲ್ಲೂ ಪಾಠ ಇದೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ 2017ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ನಾಲ್ಕು ಸರ್ಕಾರಿ ಯೋಜನೆಗಳ ಜಾಲತಾಣಗಳಲ್ಲಿ 13ರಿಂದ 13.5 ಕೋಟಿ ಆಧಾರ್ ಸಂಖ್ಯೆಗಳು ಬಯಲಾಗಿದ್ದವು. ಒಂದು ಜಾಲತಾಣದಲ್ಲಿ ವಿಳಾಸದ ಸಾಲಿನಲ್ಲಿ ಒಂದು ಪದ ಬದಲಿಸಿದರೆ ಮುಚ್ಚಿಟ್ಟ ಪುಟ ತೆರೆದುಕೊಳ್ಳುತ್ತಿತ್ತು. ಮುಚ್ಚಿದ ಹಾಗೆ ಕಾಣುವುದು ಮತ್ತು ಮುಚ್ಚುವುದು ಬೇರೆ ಬೇರೆ.

ಕಣ್ಣಿಗೆ ಕಾಣುವುದು, ಯಂತ್ರಕ್ಕೆ ಕಾಣದ್ದು

ಮಾವನ ಪಿಡಿಎಫ್‌ಗೆ ವಾಪಸ್ ಬರೋಣ. ಕನ್ನಡದ ಮಟ್ಟಿಗೆ ಅತಿ ದೊಡ್ಡ ಅಡಗಿಸುವಿಕೆ ಇದೇ, ಯಾರ ದುರುದ್ದೇಶವೂ ಇಲ್ಲದೆ ಆದದ್ದು.

ಯುನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಆದರೆ ಅಂದಿನ ಕಂಪ್ಯೂಟರ್‌ಗಳಲ್ಲಿ ಅದು ಕೆಲಸ ಮಾಡಲು ವರ್ಷಗಳೇ ಬೇಕಾದವು. ಆ ಹೊತ್ತಿಗೆ ನಮ್ಮವರು ಬೇರೆ ಉಪಾಯ ಮಾಡಿದ್ದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಚಿತ್ರವಾಗಿ ಕೂರಿಸಿದ ಫಾಂಟ್‌ಗಳು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳು ಹೀಗೇ. ಅದರಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಡತದೊಳಗೆ ಉಳಿಯುವುದು ದೊಡ್ಡಕ್ಷರದ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಇನ್ನೊಂದು ಗೀಟಿನ ಎ. ಫಾಂಟ್ ಎಂಬ ವೇಷ ಇದ್ದಾಗ ಮಾತ್ರ ಅದು ಕನ್ನಡ. ಕಾಪಿ ಮಾಡಿದ ಕೂಡಲೇ ವೇಷ ಕಳಚುತ್ತದೆ, ಪೌಂಡು ಉಳಿಯುತ್ತದೆ.

ಇದನ್ನು ಮಾಡಿದವರನ್ನು ಬಯ್ಯುವುದು ನನ್ನ ಉದ್ದೇಶ ಅಲ್ಲ. ಆ ಉಪಾಯ ಇಲ್ಲದಿದ್ದರೆ ಕನ್ನಡದ ಕಚೇರಿ, ಮುದ್ರಣಾಲಯಗಳು ಕಂಪ್ಯೂಟರ್ ಕಡೆ ಬರುತ್ತಲೇ ಇರಲಿಲ್ಲ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ ಇಲ್ಲದೆ ನಮ್ಮಲ್ಲಿ ಎಷ್ಟೋ ಜನ ಕನ್ನಡ ಟೈಪಿಂಗ್ ಕಲಿಯುತ್ತಿರಲಿಲ್ಲ. ಪ್ರಶ್ನೆ ಇರುವುದು, ಯುನಿಕೋಡ್ ಪ್ರತಿ ಫೋನಿನಲ್ಲೂ ಬಂದ ಮೇಲೂ ಹಳೆಯ ಫಾಂಟಿನ ಪ್ರಕಟಣೆ ಯಾಕೆ ಅನ್ನುವುದು. ಹಾಗೆ ಹೊರಟ ಆದೇಶವನ್ನು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ, ಕುರುಡರ ಫೋನ್ ಓದುವುದಿಲ್ಲ, ಅನುವಾದ ತಂತ್ರಾಂಶಕ್ಕೆ ಅದು ಕನ್ನಡವೇ ಅಲ್ಲ. ಕನ್ನಡದಲ್ಲಿ ಎಐಗೆ ಕಲಿಸಲು ಪಠ್ಯ ಸಾಲದು ಅನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಠ್ಯ ಇದೆ, ವೇಷದೊಳಗೆ ಸಿಕ್ಕಿಬಿದ್ದಿದೆ.

ಇದೇ ಪ್ರಶ್ನೆ ಮತದಾರರ ಪಟ್ಟಿಯಲ್ಲಿ ದೊಡ್ಡ ರಾಜಕೀಯವಾಯಿತು. ಹುಡುಕಲು ಬರುವ ಪಠ್ಯ ರೂಪದಲ್ಲಿ ಪಟ್ಟಿ ಕೊಡಿ ಎಂದು ಕಮಲ್ ನಾಥ್ ಸಲ್ಲಿಸಿದ್ದ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಲಿಲ್ಲ. ಚಿತ್ರರೂಪದ ಪಿಡಿಎಫ್ ಮತದಾರರ ಖಾಸಗಿತನ ಕಾಪಾಡುತ್ತದೆ, ದುರ್ಬಳಕೆ ತಡೆಯುತ್ತದೆ ಅನ್ನುವುದು ಅದರ ಪರ ಇರುವವರ ವಾದ. ಅದರಲ್ಲಿ ಹುರುಳಿಲ್ಲ ಎಂದಲ್ಲ. ಆದರೆ ಒಂದೇ ಹೆಸರು ಎರಡು ಕಡೆ ಇದೆಯೇ ಎಂದು ಸಾವಿರಾರು ಪುಟಗಳಲ್ಲಿ ಕಣ್ಣಿನಿಂದ ಹುಡುಕುವುದು ಸಾಮಾನ್ಯ ಪ್ರಜೆಯ ಕೈಲಾಗದ ಕೆಲಸ. ಬಿಹಾರದ ಪಟ್ಟಿ ಪರಿಷ್ಕರಣೆಯ ವಿಚಾರದಲ್ಲಿ 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್, ಕರಡು ಪಟ್ಟಿಯಿಂದ ಬಿಟ್ಟುಹೋದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣಸಹಿತ, ಮತದಾರರ ಗುರುತಿನ ಸಂಖ್ಯೆಯಿಂದ ಹುಡುಕಲು ಬರುವಂತೆ ಪ್ರಕಟಿಸಲು ಹೇಳಿತು. ಬರೀ ಪ್ರಕಟಿಸಿದರೆ ಸಾಲದು, ಹುಡುಕಲು ಬರಬೇಕು. ಆ ಒಂದು ಪದದಲ್ಲಿ ಈ ಇಡೀ ಲೇಖನ ಇದೆ.

ಕಾನೂನು ಏನು ಹೇಳುತ್ತದೆ?

ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಸೆಕ್ಷನ್ ಪ್ರಕಾರ ಕಚೇರಿಗಳು ಕೇಳದೆಯೇ ಮಾಹಿತಿ ಪ್ರಕಟಿಸಬೇಕು. ಸ್ಥಳೀಯ ಭಾಷೆ ಮತ್ತು ಆ ಪ್ರದೇಶದ ಜನರಿಗೆ ಪರಿಣಾಮಕಾರಿಯಾಗಿ ತಲುಪುವ ವಿಧಾನವನ್ನು ಗಮನದಲ್ಲಿಟ್ಟುಕೊಳ್ಳಬೇಕು ಎಂದು ಅದು ಹೇಳುತ್ತದೆ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನ ಅಂಗವಿಕಲರಿಗೂ ಎಟಕುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. 2024ರ ನವೆಂಬರ್ 8ರ ರಾಜೀವ್ ರತೂರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳನ್ನು ಬರೀ ಸಲಹೆಯಂತೆ ಇಟ್ಟಿದ್ದ ನಿಯಮವನ್ನು ರದ್ದುಮಾಡಿ ಕಡ್ಡಾಯ ಮಾನದಂಡ ತರಲು ಹೇಳಿತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಗುರುತಿಸಿತು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಲ್ಲಿ ಒಪ್ಪಿಗೆ ಕೇಳುವ ಮಾತು ಸರಳ ಭಾಷೆಯಲ್ಲಿರಬೇಕು, ಇಂಗ್ಲಿಷ್ ಅಥವಾ ಎಂಟನೇ ಪರಿಚ್ಛೇದದ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು ಎಂದಿದೆ. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ.

ನೀವೇ ಪರೀಕ್ಷಿಸಿ: ಐದು ನಿಮಿಷದ ಕೆಲಸ

1. ಎಲ್ಲವನ್ನೂ ಆರಿಸಿ. ಕಂಟ್ರೋಲ್ ಮತ್ತು ಎ ಒತ್ತಿ. ಬಿಳಿಯ ಮೇಲಿನ ಬಿಳಿ ಅಕ್ಷರಗಳು ಆಗ ಬಣ್ಣ ತೋರುತ್ತವೆ.

2. ಕಾಪಿ ಮಾಡಿ ಬೇರೆ ಕಡೆ ಅಂಟಿಸಿ. ಪೌಂಡ್ ಗುರುತು ಬಂದರೆ ಹಳೆಯ ಫಾಂಟ್. ಏನೂ ಬರದಿದ್ದರೆ ಅದು ಬರೀ ಚಿತ್ರ.

3. ಪದ ಹುಡುಕಿ. ಕಣ್ಣೆದುರೇ ಇರುವ ಪದವನ್ನು ಬ್ರೌಸರ್ ‘ಇಲ್ಲ’ ಅಂದರೆ, ಆ ಪುಟ ಯಂತ್ರದ ಪಾಲಿಗೆ ಖಾಲಿ.

4. ಮೂಲ ಕೋಡ್ ನೋಡಿ. ಕಂಪ್ಯೂಟರ್‌ನಲ್ಲಿ ಕಂಟ್ರೋಲ್ ಮತ್ತು ಯು. ಬ್ರೌಸರ್‌ಗೆ ಕಳಿಸಿದ್ದನ್ನು ಓದುವುದು ಹ್ಯಾಕಿಂಗ್ ಅಲ್ಲ. ಬೇರೆಯವರ ಖಾಸಗಿ ಮಾಹಿತಿ ಸಿಕ್ಕರೆ ಹಂಚಬೇಡಿ, ಸಂಬಂಧಪಟ್ಟವರಿಗೆ ತಿಳಿಸಿ.

5. ಕಣ್ಣು ಮುಚ್ಚಿ ಕೇಳಿ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಹಾಕಿ ನಿಮ್ಮ ಸಂಘಟನೆಯ ಪುಟವನ್ನೇ ಮೊದಲು ಕೇಳಿ. ನಾವು ಸಮಾನತೆಯ ಬಗ್ಗೆ ಬರೆದ ಪೋಸ್ಟರ್ ಅದಕ್ಕೆ ‘ಚಿತ್ರ’ ಎಂದು ಮಾತ್ರ ಕೇಳಿಸುತ್ತಿರಬಹುದು.

ಐದನೆಯದನ್ನು ನಾನೇ ಮಾಡಿ ನೋಡಿ ನಾಚಿಕೊಂಡವನು. ನನ್ನ ಹಳೆಯ ಲೇಖನಗಳ ಅಂಕಿಅಂಶದ ಪಟ್ಟಿಗಳೆಲ್ಲ ಚಿತ್ರಗಳಾಗಿದ್ದವು. ಚಂದ ಕಾಣುತ್ತಿದ್ದವು, ಅಷ್ಟೆ.

ಮಾವ ಕೊನೆಗೆ ಆ ಸಾಲನ್ನು ತಾವೇ ಕೂತು ಟೈಪ್ ಮಾಡಿ ಗುಂಪಿಗೆ ಹಾಕಿದರು. ಆಮೇಲೆ ಆ ಕಚೇರಿಗೂ ಹೋಗಿ, ಮುಂದಿನ ಸಲ ಕಾಪಿ ಮಾಡಲು ಬರುವ ಹಾಗೆ ಕೊಡಿ ಎಂದು ಅರ್ಜಿ ಕೊಟ್ಟು ಬಂದರು. ಅರ್ಜಿಯ ಜೊತೆ ಮೊಬೈಲಿನಲ್ಲಿ ಬಂದ ಆ ಪೌಂಡಿನ ಸಾಲನ್ನು ಪ್ರಿಂಟ್ ತೆಗೆದು ಲಗತ್ತಿಸಿದ್ದರಂತೆ. “ಇದನ್ನು ಓದಿ ಹೇಳಿ ಅಂದೆ,” ಅಂದರು. “ಯಾರಿಗೂ ಆಗ್ಲಿಲ್ಲ.”